ಅಮೃತ್ ಫ್ಯೂಷನ್: ಆರು ವರ್ಷ, ಆರು ಬಾಟಲಿ

ಅಮೃತ್ ಫ್ಯೂಷನ್ ಒಂದು ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ. ಐದು ಸಾವಿರದ ಆಸುಪಾಸಿನ ಇಂಥದ್ದನ್ನು ತಿಂಗಳಿಗೊಂದು ತರುವುದು ನನ್ನ ಸಂಬಳಕ್ಕೆ ಆಗುವ ಮಾತಲ್ಲ. ವರ್ಷಕ್ಕೆ ಒಂದೇ ಬಾಟಲಿ. 750 ಎಂಎಲ್ ಅಂದರೆ 30ರ ಲೆಕ್ಕದಲ್ಲಿ 25 ಪೆಗ್, ಹದಿನೈದು ದಿನಕ್ಕೊಂದು. ಈಗ ತುಮಕೂರಿನ ಮನೆಯ ಕಪಾಟಿನಲ್ಲಿ ಇರುವುದು ಆರನೆಯದು.

ನನ್ನನ್ನು ಹಿಡಿದಿದ್ದು ಅದರ ಹೊಗೆಯ ಘಮ. ಇದಕ್ಕೆ ಎರಡು ಬಗೆಯ ಬಾರ್ಲಿ ಬಳಸುತ್ತಾರೆ. ಜಾಸ್ತಿ ಪಾಲು ನಮ್ಮ ದೇಶದ್ದು, ಉಳಿದದ್ದು ಸ್ಕಾಟ್ಲೆಂಡಿನದು, ಪೀಟ್ (ಜೌಗು ನೆಲದಲ್ಲಿ ಗಿಡಗಳು ಕೊಳೆತು ಆದ, ಉರಿಸುವ ಮಣ್ಣು) ಹೊಗೆಯಲ್ಲಿ ಒಣಗಿಸಿದ್ದು. ಫ್ಯೂಷನ್, ಅಂದರೆ ಬೆಸುಗೆ, ಅನ್ನುವ ಹೆಸರು ಬಂದಿದ್ದೇ ಅದರಿಂದ. ಮೊದಲ ಸಲ ಮೂಗಿನ ಹತ್ತಿರ ತಂದಾಗ ನನಗೆ ನೆನಪಾಗಿದ್ದು ತಿಪಟೂರು ಕಡೆಯ ನಮ್ಮ ತೋಟದ ಮನೆಯ ಅಟ್ಟ. ಉಂಡೆ ಕೊಬ್ಬರಿಗೆ ಅಂತ ಅಲ್ಲಿ ಕಾಯಿ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಿದ್ದರು. ಕೆಳಗಿನ ಒಲೆಯ ಹೊಗೆ, ಕೊಬ್ಬರಿಯ ಎಣ್ಣೆ ವಾಸನೆ, ಹಳೇ ಮರ, ಎಲ್ಲ ಸೇರಿ ಒಂದು ಘಮ. ಇಲ್ಲೂ ಹಾಗೇ. ಹೊಗೆಯ ಹಿಂದೆ ಕಿತ್ತಳೆ ಸಿಪ್ಪೆ, ಕಹಿ ಚಾಕೊಲೇಟ್, ಸ್ವಲ್ಪ ಜೇನು. ಕೊನೆಗೆ ನಾಲಿಗೆ ಮೇಲೆ ಮರದ ಒಗರು ತುಂಬಾ ಹೊತ್ತು ಉಳಿಯುತ್ತದೆ. ನನಗೆ ಅದೇ ಇಷ್ಟ. ನಮ್ಮ ಭಾವನಿಗೆ ಆಗಲ್ಲ.

"ಎಷ್ಟು ವರ್ಷದ್ದು ಅಂತ ಬಾಟಲಿ ಮೇಲೆ ಬರೆದೇ ಇಲ್ಲ, ಇಷ್ಟು ದುಡ್ಡು ಯಾಕೆ?" ಅಂತ ಭಾವ ಪ್ರತಿ ಸಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ವಿಸ್ಕಿ ಹಣ್ಣಾಗುವ ಮರದ ಪೀಪಾಯಿಯಿಂದ ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಶೇ. 2ರಷ್ಟು ಆವಿಯಾಗಿ ಹೋದರೆ, ಇದು ತಯಾರಾಗುವ ಬೆಂಗಳೂರಿನ ಸೆಕೆಯಲ್ಲಿ ಶೇ. 10ರಿಂದ 12 ಹೋಗುತ್ತದೆ. ಇಲ್ಲಿ ಹನ್ನೆರಡು ವರ್ಷ ಇಟ್ಟರೆ ಉಳಿಯುವುದು ಕಾಲು ಪೀಪಾಯಿ. ಮರದ ರುಚಿ ವಿಸ್ಕಿಗೆ ಇಳಿಯುವುದೂ ಇಲ್ಲಿ ಬೇಗ. ಅಜ್ಜಿ ಅಟ್ಟದ ಕಾಯಿಗೆ ತಾರೀಖು ನೋಡುತ್ತಿರಲಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಮಾತ್ರ ಸುಲಿಸುತ್ತಿದ್ದರು.

ಬೆಲೆ ನೋಡುವಾಗ ಇನ್ನೊಂದು ಲೆಕ್ಕ ಹಾಕಿ. ಇದರಲ್ಲಿ ಆಲ್ಕೋಹಾಲ್ ಶೇ. 50. ಶೇ. 40ರ ಬಾಟಲಿಗೆ ಹೋಲಿಸಿದರೆ ಇದು 750 ಅಲ್ಲ, 937 ಎಂಎಲ್‌ಗೆ ಸಮ. ಅಂದರೆ ನೀರು ಬೆರೆಸಲು ನಿಮಗೇ ಜಾಗ ಬಿಟ್ಟಿದ್ದಾರೆ. ನಾನು 30ಕ್ಕೆ ಎರಡು ಚಮಚ ನೀರು ಹಾಕಿ ಹತ್ತು ನಿಮಿಷ ಸುಮ್ನೆ ಬಿಡುತ್ತೇನೆ. ಆಗಲೇ ಕಿತ್ತಳೆ ಮೇಲೆ ಬರುವುದು. ಐಸ್ ಹಾಕಿದರೆ ಘಮ ಮುಚ್ಚಿಹೋಗುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ನಮ್ಮ ಕಡೆಯ ಗಡಸು ನೀರಿನ ಉಪ್ಪು ನಾಲಿಗೆಗೆ ಸಿಗುತ್ತದೆ. ಫಿಲ್ಟರ್ ನೀರು ಸಾಕು. ಜೊತೆಗೆ ಹುರಿದ ಕಡಲೆಕಾಯಿ ಸರಿ. ಖಾರ ಬೇಡ.

ಎರಡನೇ ಬಾಟಲಿಯನ್ನು ಜಾಗ ಇಲ್ಲ ಅಂತ ಮಲಗಿಸಿ ಇಟ್ಟಿದ್ದೆ. ಆಲ್ಕೋಹಾಲ್ ತಾಗಿ ಕಾರ್ಕ್ ಪುಡಿಯಾಗಿ ಒಳಗೆ ಬಿತ್ತು. ಶೋಧಿಸಿ ಕುಡಿದೆ, ರುಚಿ ಮೊದಲಿನಂತೆ ಇರಲಿಲ್ಲ. ವೈನ್ ಮಲಗಿಸಬಹುದು, ಇದನ್ನು ನಿಲ್ಲಿಸಿಯೇ ಇಡಬೇಕು, ಬಿಸಿಲಿಗೆ ದೂರ. ಅರ್ಧ ಖಾಲಿಯಾದ ಮೇಲೆ ಚಿಕ್ಕ ಬಾಟಲಿಗೆ ಸುರಿದಿಡಿ. ಗಾಳಿ ಜಾಸ್ತಿ ಇದ್ದರೆ ಮೊದಲು ಹೋಗುವುದು ಹೊಗೆ.

ಸಿಂಗಲ್ ಮಾಲ್ಟ್ ಇದೇ ಮೊದಲು ಅನ್ನುವವರಿಗೆ ನಾನು ಇದನ್ನು ಹೇಳಲ್ಲ. ಇದೇ ಕಂಪನಿಯ ಶೇ. 46ರ ಸಾದಾ ಅಮೃತ್ ಸಿಂಗಲ್ ಮಾಲ್ಟ್ ತಗೊಳ್ಳಿ, ಅದು ಮೆದು. ಹತ್ತು ಜನರ ಪಾರ್ಟಿಗೆ, ಸೋಡಾ ಬೆರೆಸುವವರಿಗೆ ಇದು ದಂಡ. ರಾತ್ರಿ ಒಂದೇ ಪೆಗ್ ಹಿಡಿದು ಒಂದು ಗಂಟೆ ಕೂರುವವರಿಗೆ, 200 ರೂಪಾಯಿಗೆ ಅಷ್ಟು ರುಚಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಆರನೆಯದರಲ್ಲಿ ಇನ್ನು ನಾಲ್ಕು ಬೆರಳಷ್ಟು ಉಳಿದಿದೆ. ಹೊಸತೊಡಕಿಗೆ ಭಾವ ಬರುತ್ತಾರೆ. ಊಟಕ್ಕೆ ಮುಂಚೆ, ನೀರು ಹಾಕಿ ಹತ್ತು ನಿಮಿಷ ಸುಮ್ನೆ ಬಿಟ್ಟು ಕೊಡಬೇಕು.