ಹಳೇ ಕಾಗದದ ಹುಚ್ಚಿರುವವರಿಗೆ: ಸೆಲೆಕ್ಟ್ ಬುಕ್ ಶಾಪ್, ಬೆಂಗಳೂರು

ಬ್ರಿಗೇಡ್ ರಸ್ತೆಯ ಗದ್ದಲದಿಂದ ಪಕ್ಕದ ಕ್ರಾಸಿಗೆ ತಿರುಗಿದರೆ ಸೆಲೆಕ್ಟ್ ಬುಕ್ ಶಾಪ್. 1945ರಲ್ಲಿ ಶುರುವಾದ ಅಂಗಡಿ. ಒಳಗೆ ಎಲ್ಲಿ ನೋಡಿದರೂ ಪುಸ್ತಕ. ಅವಸರ ಇದ್ದ ದಿನ ಹೋಗಬೇಡಿ, ಕಡಿಮೆಯೆಂದರೂ ಎರಡು ಗಂಟೆ ಬೇಕು.

ಕಳೆದ ತಿಂಗಳು ಅಲ್ಲಿ ನನಗೊಂದು ಕಾಗದದ ಮೇಲೆ ಅಚ್ಚು ಹಾಕಿದ ಹಳೇ ಭಾವಚಿತ್ರ ಸಿಕ್ಕಿತು. ಲಾರ್ಡ್ ಕಾರ್ನ್‌ವಾಲಿಸ್‌ನದು. 1791ರಲ್ಲಿ ನಮ್ಮ ಬೆಂಗಳೂರು ಕೋಟೆ ಹಿಡಿದವನು ಇವನೇ ಅಲ್ವಾ, ಕೈಗೆತ್ತಿಕೊಂಡಾಗ ಮೈ ಜುಮ್ಮೆಂದಿತು. ಬೆಳಕಿಗೆ ಓರೆಯಾಗಿ ಹಿಡಿದೆ. ಚಿತ್ರದ ಸುತ್ತ ಕಾಗದ ಚೌಕಾಕಾರವಾಗಿ ಒಂಚೂರು ತಗ್ಗಾಗಿತ್ತು. ಕೊರೆದ ತಾಮ್ರದ ತಗಡಿನ ಮೇಲೆ ಒದ್ದೆ ಕಾಗದ ಇಟ್ಟು ಒತ್ತಿದಾಗ ಉಳಿಯುವ ಗುರುತು ಅದು. ಭೂತಗನ್ನಡಿ ಇಟ್ಟರೆ ಕೆನ್ನೆಯ ನೆರಳೆಲ್ಲ ಕೂದಲೆಳೆಯಂಥ ಗೆರೆಗಳು. ಈಗಿನ ಮುದ್ರಣವಾಗಿದ್ದರೆ ಸಾಲುಸಾಲಾಗಿ ಚುಕ್ಕೆ ಕಾಣುತ್ತಿತ್ತು. ಬೇರೊಂದು ಕಡೆ ಹಾಗೆ ನೋಡದೆ ದುಡ್ಡು ಕೊಟ್ಟು ಮೋಸಹೋಗಿದ್ದೇನೆ, ಅದಕ್ಕೇ ಈಗ ಕನ್ನಡಿ ಜೇಬಿನಲ್ಲೇ ಇರುತ್ತದೆ.

ಅಂಗಡಿಯವರು ಅರ್ಧ ಗಂಟೆ ನನ್ನ ಪಾಡಿಗೆ ನೋಡಲು ಬಿಟ್ಟರು. ಅದಕ್ಕಿಂತ ಇನ್ನೇನು ಬೇಕು?

ಅಂಚಿನಲ್ಲಿ ಕಂದು ಕಲೆಗಳಿವೆ. ಇಂಥದ್ದು ಸಿಕ್ಕರೆ ಸುಮ್ನೆ ಉಜ್ಜಲು ಹೋಗಬೇಡಿ, ಕಾಗದವೇ ಎದ್ದು ಬರುತ್ತದೆ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಆಸಿಡ್ ಇಲ್ಲದ ಬೋರ್ಡು ಹಾಕಿಸಿ ಫ್ರೇಮ್ ಮಾಡಿಸಿದ್ದೇನೆ. ಬಿಸಿಲು ಬೀಳದ ಒಳಗೋಡೆಯ ಮೇಲಿದೆ. ದಾಟುವಾಗಲೆಲ್ಲ ನಿಂತು ನೋಡುತ್ತೇನೆ.