ರಾಜಹಂಸ (ಫ್ಲೆಮಿಂಗೋ) ನೋಡಲು ಉಜನಿಯೋ, ಠಾಣೆಯೋ?

ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ನಮಗೆ ನನ್ನ ಮೊದಲ ಆಯ್ಕೆ ಉಜನಿ. ಪುಣೆ ದಾರಿಯಲ್ಲಿ ಭಿಗವಣದ ಹತ್ತಿರ, ನಮ್ಮದೇ ಭೀಮಾ ನದಿಯ ಅಣೆಕಟ್ಟಿನ ಹಿನ್ನೀರು.

ಅಲ್ಲಿ ಸಿಗುವುದು ಹೆಚ್ಚಾಗಿ ದೊಡ್ಡ ಜಾತಿಯ ರಾಜಹಂಸ. ಎತ್ತರ ನಾಲ್ಕಡಿ ಆಸುಪಾಸು. ದೂರದಿಂದ ಬೆಳ್ಳಗೇ ಕಾಣುತ್ತದೆ, ರೆಕ್ಕೆ ಬಿಚ್ಚಿದಾಗ ಮಾತ್ರ ಕೆಂಪು, ಕಪ್ಪು ಎರಡೂ ಹೊಳೆಯುತ್ತವೆ. ಮೀನುಗಾರರ ದೋಣಿಯಲ್ಲಿ ಸುಮ್ನೆ ಕೂತು ನೋಡಿ. ಕಾಲಿಂದ ಕೆಸರು ತುಳಿದು ಕಲಕುತ್ತದೆ. ತಲೆ ಬುಡಮೇಲು ಮಾಡಿ ಕೊಕ್ಕು ಅದ್ದುತ್ತದೆ. ನಾಲಿಗೆಯಿಂದ ನೀರು ಒತ್ತಿ ಹೊರಹಾಕಿ, ಹುಳ, ಸಣ್ಣ ಸಿಗಡಿ, ಬೀಜ ಸೋಸಿಕೊಳ್ಳುತ್ತದೆ. ನಮ್ಮ ಮನೆಯ ಚಹಾ ಸೋಸುವ ಜಾಲರಿ ನೆನಪಾಗುತ್ತದೆ, ಅಲ್ವಾ?

ಮುಂಬೈ ಪಕ್ಕದ ಠಾಣೆ ಖಾರಿಯಲ್ಲಿ, ಅಂದರೆ ಸಮುದ್ರದ ನೀರು ಒಳನುಗ್ಗುವ ಕಡೆ, ಸಣ್ಣ ಜಾತಿ ಜಾಸ್ತಿ. ಮೂರಡಿ ಎತ್ತರ, ಕಡುಗೆಂಪು ಕೊಕ್ಕು. ಮುಖ್ಯ ಊಟ ಪಾಚಿ. ಆ ಊಟದ ಬಣ್ಣವೇ ಗರಿಗೆ ಇಳಿದು ಗುಲಾಬಿಯಾಗುತ್ತದೆ. 2015ರಲ್ಲಿ ಈ ಖಾರಿಯ ಒಂದು ಭಾಗ ಅಭಯಾರಣ್ಯವಾಯಿತು. ಉಬ್ಬರ-ಇಳಿತದ ಹೊತ್ತು ನೋಡಿಕೊಂಡೇ ಹೋಗಬೇಕು.

ಸಾವಿರಗಟ್ಟಲೆ ಹಕ್ಕಿಗಳ ಗುಲಾಬಿ ಹಾಸು ಬೇಕೆಂದರೆ ಠಾಣೆ. ಮಕ್ಕಳ ಜೊತೆ ಒಂದೇ ದಿನದ ರಜೆಯಾದರೆ ಉಜನಿ, ಚಳಿಗಾಲ ಮುಗಿಯುವ ಹೊತ್ತಿಗೆ. ದೋಣಿಯವರಿಗೆ ಇನ್ನೂ ಹತ್ತಿರ ಒಯ್ಯಿರಿ ಅಂತ ಒತ್ತಾಯ ಮಾಡಬೇಡಿ. ಹೆದರಿ ಹಾರಿದರೆ ಅವುಗಳ ಊಟ ತಪ್ಪುತ್ತದೆ.