ಮಿಡಿ ಫೈಲನ್ನು ಆಡಿಯೊ ಮಾಡಲು ಯಾವ ದಾರಿ?

ಮಿಡಿ ಫೈಲಿನಲ್ಲಿ ದನಿಯೇ ಇರುವುದಿಲ್ಲ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು ಎಂಬ ಸೂಚನೆಯಷ್ಟೇ. ಹಾಗಾಗಿ ಮೊದಲು ಒಳ್ಳೆಯ ಸೌಂಡ್‌ಫಾಂಟ್, ಅಂದರೆ ವಾದ್ಯಗಳ ದನಿ ತುಂಬಿದ ಫೈಲ್, ಹುಡುಕಿಕೊಳ್ಳಿ. ಅದು ಕಳಪೆಯಾದರೆ ಕೊಳಲೂ ಪೀಪಿಯಂತೆ ಕೇಳುತ್ತದೆ.

ಹಾಡು ನುಡಿಯುವಾಗಲೇ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಬಹುದು. ಆದರೆ ಐದು ನಿಮಿಷದ ಹಾಡಿಗೆ ಐದು ನಿಮಿಷವೇ ಬೇಕು. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಅಷ್ಟು ಹೊತ್ತು ಕರೆಂಟ್ ಇರುತ್ತದೆಂದು ನಂಬುವಂತಿಲ್ಲ.

ಸ್ವರಲಿಪಿ ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್ ಸುಲಭ: ಮಿಡಿ ಫೈಲನ್ನು ಅದರಲ್ಲಿ ತೆರೆದು ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿದರಾಯಿತು. ಆದರೆ ಅದು ಮೊದಲು ಸ್ವರಲಿಪಿಗೆ ಇಳಿಸುವುದರಿಂದ, ಕೀಬೋರ್ಡಿನಲ್ಲಿ ಕೈಯಾರೆ ನುಡಿಸಿದ ಲಯದ ನವಿರು ಹೋಗಿಬಿಡಬಹುದು.

ಸೌಂಡ್‌ಫಾಂಟ್ ಬಳಸಿ ಮಿಡಿಯನ್ನು ದನಿಯಾಗಿಸುವ ತಂತ್ರಾಂಶ ಫ್ಲೂಯಿಡ್‌ಸಿಂತ್‌ಗೆ ಕಮಾಂಡ್ ಟೈಪ್ ಮಾಡಬೇಕು, ನಿಜ. ಲಯ ಮಾತ್ರ ಇದ್ದಂತೆಯೇ ಉಳಿಯುತ್ತದೆ; ಹಾಡು ಮುಗಿಯುವ ತನಕ ಕಾಯದೆ ವೇವ್ ಫೈಲ್ ಸಿದ್ಧ, ನಿಮಿಷಕ್ಕೆ ಸುಮಾರು 10 ಎಂಬಿ. ಭಾವಗೀತೆಗೆ ಟ್ರ್ಯಾಕ್ ಮಾಡುವವರು ಇದನ್ನೇ ಕಲಿಯಿರಿ.